ಮುಂಬೈ ಸೆಕೆಯಲ್ಲಿ ಗಿಡದ ಅಕ್ವೇರಿಯಂ: ಮನೆಯಲ್ಲೇ ಕಾರ್ಬನ್ ಡೈಆಕ್ಸೈಡ್ ಕೊಡುವುದು ಹೇಗೆ?

ಪ್ರಶ್ನೆ: ಮುಲುಂಡಿನ ಫ್ಲ್ಯಾಟಿನಲ್ಲಿ ಎರಡಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರದ ಟ್ಯಾಂಕ್ ಇಟ್ಟಿದ್ದೇನೆ. ರೊಟಾಲಾ, ಕಬೊಂಬಾ, ಮುಂಭಾಗದಲ್ಲಿ ಮಾಂಟೆ ಕಾರ್ಲೊ ನೆಟ್ಟಿದ್ದೇನೆ. ಎಲ್‌ಇಡಿ ದಿನಕ್ಕೆ ಹತ್ತು ತಾಸು ಉರಿಯುತ್ತದೆ. ವಿಡಿಯೊ ನೋಡಿ ಸಕ್ಕರೆ-ಈಸ್ಟ್ ಬಾಟಲಿ ಮಾಡಿದೆ. ಮೂರು ದಿನ ಗುಳ್ಳೆ ಜೋರಾಗಿ ಬಂತು, ಎಂಟನೇ ದಿನಕ್ಕೆ ನಿಂತೇಹೋಯಿತು. ಮತ್ತೆ ತುಂಬಿದರೂ ಅದೇ ಕತೆ. ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಈಗ ಎಲೆಗಳ ಅಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ. ಸದ್ದಾಗುತ್ತದೆಂದು ರಾತ್ರಿ ಫಿಲ್ಟರ್ ಆರಿಸುತ್ತೇನೆ. ಸಿಲಿಂಡರ್ ಕೊಳ್ಳುವ ಬಜೆಟ್ ಇಲ್ಲ. ಮನೆಯಲ್ಲೇ ಸರಿಯಾಗಿ ಮಾಡಿಕೊಳ್ಳಲು ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಬಾಟಲಿಯ ಮಾತಿಗೆ ಮೊದಲು ಇನ್ನೊಂದು ಕೆಲಸ: ಇವತ್ತು ರಾತ್ರಿಯಿಂದಲೇ ಫಿಲ್ಟರ್ ಆರಿಸುವುದನ್ನು ನಿಲ್ಲಿಸಿ. ಗಿಡಗಳು ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ. ದೀಪ ಆರಿದ ಮೇಲೆ ಅವೂ ಮೀನಿನ ಹಾಗೇ ಆಮ್ಲಜನಕ ಖರ್ಚು ಮಾಡುತ್ತವೆ. ಈಸ್ಟಿಗೆ ಹಗಲು-ರಾತ್ರಿ ತಿಳಿಯದು, ಅದು ಗ್ಯಾಸ್ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಅತಿ ಹೆಚ್ಚು. ಮೇಲಿನ ನೀರು ಅಲುಗುತ್ತಿದ್ದರೆ ಹೆಚ್ಚಿನ ಗ್ಯಾಸ್ ಹೊರಗೆ ಹೋಗಿ ಆಮ್ಲಜನಕ ಒಳಗೆ ಬರುತ್ತಿತ್ತು. ಫಿಲ್ಟರ್ ಆರಿಸಿ ಆ ಬಾಗಿಲನ್ನೂ ಮುಚ್ಚಿದ್ದೀರಿ. ಜೊತೆಗೆ ಸೆಕೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.5 ಮಾತ್ರ. ಬೇಸಿಗೆಯಲ್ಲಿ ನಿಮ್ಮ ಟ್ಯಾಂಕಿನ ನೀರು 30ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಫಿಲ್ಟರ್ ಸದ್ದು ಮಾಡುವುದು ಹೆಚ್ಚಾಗಿ ಒಳಗೆ ನೀರು ತಳ್ಳುವ ಪುಟ್ಟ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ ಲೋಳೆ ಕಟ್ಟಿದಾಗ, ಇಲ್ಲವೇ ನೀರಿನ ಮಟ್ಟ ಇಳಿದು ನೀರು ಮೇಲಿಂದ ಬೀಳುವಾಗ. ಇಂಪೆಲ್ಲರ್ ತೆಗೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರನ್ನು ಫಿಲ್ಟರಿನ ಬಾಯಿ ಮುಳುಗುವಷ್ಟು ತುಂಬಿ. ಸದ್ದು ಬಹಳಮಟ್ಟಿಗೆ ಅಡಗುತ್ತದೆ.

ಇನ್ನು ಗ್ಯಾಸಿನ ವಿಷಯ. ನಿಮ್ಮ ಟ್ಯಾಂಕಿಗೆ ಗ್ಯಾಸ್ ಸಾಲದೆ ತೊಂದರೆಯಾಯಿತು ಅನ್ನುವುದಕ್ಕಿಂತ, ಅದು ಏರಿಳಿದದ್ದರಿಂದ ತೊಂದರೆಯಾಯಿತು. ಗಿಡ ತನ್ನ ಎಲೆಯನ್ನು ಸಿಗುವ ಕಾರ್ಬನ್ನಿಗೆ ತಕ್ಕಂತೆ ಹೊಂದಿಸಿಕೊಳ್ಳಲು ದಿನಗಳು ಬೇಕು. ಸೋಮವಾರ 40 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ), ಮುಂದಿನ ಸೋಮವಾರ 3 ಪಿಪಿಎಂ ಆದರೆ ಅದು ಯಾವುದಕ್ಕೂ ಒಗ್ಗುವುದಿಲ್ಲ. ಸೋತ ಎಲೆಯ ಮೇಲೆ ಕಪ್ಪು ಗಡ್ಡದ ಪಾಚಿ ಕೂರುತ್ತದೆ. ದಿನವೂ ಒಂದೇ ಸಮ ಸಿಗುವ 15 ಪಿಪಿಎಂ, ಏರಿಳಿಯುವ 30ಕ್ಕಿಂತ ಮೇಲು. ಮುಂದಿನದೆಲ್ಲವನ್ನೂ ಈ ಒಂದೇ ಅಳತೆಗೋಲಿನಲ್ಲಿ ನೋಡಿ.

ಗ್ಯಾಸ್ ಬೇಕೇ ಬೇಕೆ ಎಂಬ ಪ್ರಶ್ನೆಯೂ ಇದೆ. ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರಿನ್, ವ್ಯಾಲಿಸ್ನೇರಿಯಾ ಇವಕ್ಕೆ ಬೇಡ. ಕಬೊಂಬಾ ಇಲ್ಲದೆಯೂ ಬೆಳೆಯುತ್ತದೆ. ರೊಟಾಲಾ ಬೆಳೆಯುತ್ತದೆ, ಬಣ್ಣ ಬರುವುದು ಕಷ್ಟ. 15 ಇಂಚು ಆಳದ ಟ್ಯಾಂಕಿನ ನೆಲದಲ್ಲಿ ಮಾಂಟೆ ಕಾರ್ಲೊ ಚಾಪೆಯಂತೆ ಹಬ್ಬಬೇಕಾದರೆ ಮಾತ್ರ ಗ್ಯಾಸ್ ಬೇಕೇ ಬೇಕು.

ಈಸ್ಟ್ ಯಾಕೆ ಕೈಕೊಟ್ಟಿತು

ಈಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. 200 ಗ್ರಾಂ ಸಕ್ಕರೆ ಪೂರ್ತಿ ಹುಳಿತರೆ ಲೆಕ್ಕದ ಪ್ರಕಾರ 103 ಗ್ರಾಂ ಗ್ಯಾಸ್, ಅಂದರೆ ಸುಮಾರು 57 ಲೀಟರ್. ಗ್ಯಾಸೇನೂ ಕಡಿಮೆಯಿಲ್ಲ. ಅದು ಬರುವ ವೇಗವನ್ನು ನಿರ್ಧರಿಸುವುದು ಕೋಣೆಯ ಸೆಕೆ, ನೀವಲ್ಲ. ಬೇಕರಿ ಈಸ್ಟಿಗೆ 30ರಿಂದ 35 ಡಿಗ್ರಿ ಎಂದರೆ ಹಬ್ಬ. ಜನವರಿಯಲ್ಲಿ ಎರಡು-ಮೂರು ವಾರ ಬರುವ ಅದೇ ಬಾಟಲಿ ಮೇ ತಿಂಗಳಲ್ಲಿ ವಾರದಲ್ಲೇ ಮುಗಿಯುತ್ತದೆ. ಮೊದಲ ಮೂರು ದಿನ ಅಬ್ಬರ, ಆಮೇಲೆ ಇಳಿಜಾರು. ಸಕ್ಕರೆ ಇನ್ನಷ್ಟು ಸುರಿದರೂ ಪ್ರಯೋಜನವಿಲ್ಲ. ಒಂದು ಲೀಟರ್ ನೀರಿಗೆ 200 ಗ್ರಾಂ ಹಾಕಿದರೇ ಕೊನೆಗೆ ಆಲ್ಕೋಹಾಲ್ ಶೇಕಡಾ 12ರ ಹತ್ತಿರ ಬರುತ್ತದೆ, ಅಷ್ಟರಲ್ಲಿ ಈಸ್ಟ್ ತಾನು ಮಾಡಿದ ಮದ್ಯದಲ್ಲೇ ಸಾಯುತ್ತದೆ. (ಅದನ್ನು ಕುಡಿದು ನೋಡುವ ಕುತೂಹಲ ಬೇಡ. ತಲೆನೋವಿನ ಹೊರತು ಏನೂ ಸಿಗದು.)

ಈಸ್ಟನ್ನೇ ಮುಂದುವರಿಸುವುದಾದರೆ ಎರಡು ಉಪಾಯಗಳಿವೆ. ಒಂದು, ಸರದಿಯ ಬಾಟಲಿ. ಎರಡು ಲೀಟರಿನ ಎರಡು ಬಾಟಲಿ, ಒಂದೊಂದಕ್ಕೂ 200 ಗ್ರಾಂ ಸಕ್ಕರೆ, ಕುದಿಸಿ ಆರಿಸಿದ 1.2 ಲೀಟರ್ ನೀರು, ಅರ್ಧ ಟೀ ಚಮಚ ಅಡುಗೆ ಸೋಡಾ, ಡ್ರೈ ಈಸ್ಟ್ ಕಾಲು ಚಮಚ. ಬೇಸಿಗೆಯಲ್ಲಿ ಅದರಲ್ಲೂ ಅರ್ಧ ಸಾಕು. ಸೋಡಾ ಹಾಕುವುದು ದ್ರಾವಣ ತೀರಾ ಹುಳಿಯಾಗಿ ಈಸ್ಟ್ ಬೇಗ ಸೋಲದಿರಲಿ ಎಂದು. ಬೆಲ್ಲ ಬೇಡ, ನೊರೆ ವಿಪರೀತ. ಎರಡನ್ನೂ ಟಿ-ಜಾಯಿಂಟಿನಲ್ಲಿ ಸೇರಿಸಿ, ವಾರಕ್ಕೆ ಒಂದನ್ನು ಮಾತ್ರ ಬದಲಿಸಿ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಬದಲಿಸುವಾಗ ಇನ್ನೊಂದರ ಗ್ಯಾಸ್ ಹೊರಗೆ ಹೋಗದಂತೆ ಪ್ರತಿ ಬಾಟಲಿಯ ಟ್ಯೂಬಿಗೂ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವ ವಾಲ್ವ್) ಇರಲಿ.

ಇನ್ನೊಂದು, ಸಕ್ಕರೆಯನ್ನು ಜೆಲ್ಲಿ ಮಾಡಿ ಇಡುವುದು. ಈಸ್ಟಿಗೆ ಸಕ್ಕರೆ ಒಮ್ಮೆಗೇ ಸಿಗದೆ ಜೆಲ್ಲಿಯಿಂದ ನಿಧಾನಕ್ಕೆ ಕರಗಿ ಬರುತ್ತದೆ. ಹಲವರು ಇದಕ್ಕೆ ಜೆಲಾಟಿನ್ ಹೇಳುತ್ತಾರೆ. ತಂಪು ದೇಶದಲ್ಲಿ ಸರಿ, ನಮ್ಮ ಬೇಸಿಗೆಯಲ್ಲಿ ಅದು ಕೋಣೆಯಲ್ಲೇ ಕರಗಿ ನೀರಾಗುತ್ತದೆ. ಚೈನಾ ಗ್ರಾಸ್ (ಅಗರ್-ಅಗರ್) ಬಳಸಿ, ಒಮ್ಮೆ ಗಟ್ಟಿಯಾದರೆ 80 ಡಿಗ್ರಿ ದಾಟುವವರೆಗೆ ಕರಗದು. ಒಂದು ಲೀಟರ್ ನೀರಿಗೆ 200 ಗ್ರಾಂ ಸಕ್ಕರೆ, ಸುಮಾರು 5 ಗ್ರಾಂ ಚೈನಾ ಗ್ರಾಸ್ ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ. ಕುದಿಯುವುದನ್ನು ನೇರ ಬಾಟಲಿಗೆ ಸುರಿದರೆ ಪೆಟ್ ಬಾಟಲಿ ಸುಕ್ಕಿ ಕುಳ್ಳಗಾಗುತ್ತದೆ. ಪಾತ್ರೆಯನ್ನು ಹೊರಗಿನಿಂದ ಮುಟ್ಟಿದರೆ ಬಿಸಿ ತಾಳಬಹುದು ಅನ್ನಿಸಬೇಕು, ಅಂದರೆ 50 ಡಿಗ್ರಿಯ ಆಸುಪಾಸು, ಆಗ ಸುರಿಯಿರಿ. ಗಟ್ಟಿಯಾದ ಮೇಲೆ ಮೇಲಿಂದ 300 ಮಿ.ಲೀ. ತಣ್ಣೀರು, ಕಾಲು ಚಮಚ ಈಸ್ಟ್, ಚಿಟಿಕೆ ಸೋಡಾ. ಮುಗಿದ ಮೇಲೆ ಉಳಿದ ಜೆಲ್ಲಿಯನ್ನು ಬಾಟಲಿಯಿಂದ ಹೊರತೆಗೆಯುವುದು ರಗಳೆಯ ಕೆಲಸ; ಹಲವರು ಬಾಟಲಿಯನ್ನೇ ಎಸೆಯುತ್ತಾರೆ.

ಇಷ್ಟೆಲ್ಲ ಹೇಳಿದರೂ ನನ್ನ ಸಲಹೆ ಈಸ್ಟ್ ಬಿಡಿ ಎಂದೇ. ಆರಿಸಲಾಗದ, ಅಳೆಯಲಾಗದ, ಹವೆಗೆ ತಕ್ಕಂತೆ ಕುಣಿಯುವ ಗ್ಯಾಸ್ ಮುಂಬೈಗೆ ಹೇಳಿಸಿದ್ದಲ್ಲ.

ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾ

ಇದೂ ಎರಡು ಬಾಟಲಿಯದೇ, ಆದರೆ ಇಲ್ಲಿ ಜೀವಿಯಿಲ್ಲ, ಬರೀ ರಸಾಯನ. ಸಿಟ್ರಿಕ್ ಆಸಿಡ್ ಸೋಡಾಕ್ಕೆ ತಗುಲಿದೊಡನೆ ಗ್ಯಾಸ್. ತಗುಲದಿದ್ದರೆ ಗ್ಯಾಸ್ ಇಲ್ಲ. ಸೆಕೆಗೂ ಚಳಿಗೂ ಹೆಚ್ಚು ವ್ಯತ್ಯಾಸವಿಲ್ಲ, ರಾತ್ರಿ ನಿಲ್ಲಿಸಬಹುದು, ಒತ್ತಡ ಸಿಗುವುದರಿಂದ ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೆರಾಮಿಕ್ ಡಿಫ್ಯೂಸರ್ ಓಡುತ್ತದೆ.

ಲೆಕ್ಕ ಸರಳ. 200 ಗ್ರಾಂ ಸೋಡಾದಿಂದ ಸುಮಾರು 105 ಗ್ರಾಂ, ಅಂದರೆ 58 ಲೀಟರಿನಷ್ಟು ಗ್ಯಾಸ್. ಅದಕ್ಕೆ ಬೇಕಾದ ಸಿಟ್ರಿಕ್ ಆಸಿಡ್ 152 ಗ್ರಾಂ. ಪ್ಯಾಕೆಟ್ಟಿನ ಮೇಲೆ ಮೊನೊಹೈಡ್ರೇಟ್ ಎಂದಿದ್ದರೆ 167 ಗ್ರಾಂ. ರೂಢಿಯಲ್ಲಿ ಎರಡನ್ನೂ 200-200 ಹಾಕುತ್ತಾರೆ. ತಪ್ಪೇನಿಲ್ಲ, ಆಸಿಡ್ ಬಾಟಲಿಯ ತಳದಲ್ಲಿ ಟ್ಯೂಬಿಗೆ ಸಿಗದೆ ಒಂದಿಷ್ಟು ಉಳಿಯುತ್ತದಾದ್ದರಿಂದ ಆ ಹೆಚ್ಚಳ ಒಳ್ಳೆಯದೇ. ಆಸಿಡ್ ಬದಲು ವಿನಿಗರ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಶೇಕಡಾ 5ರ ವಿನಿಗರ್ ಆದರೆ 200 ಗ್ರಾಂ ಸೋಡಾಕ್ಕೆ ಮೂರು ಲೀಟರಿನ ಹತ್ತಿರ ಬೇಕು. ಬಾಟಲಿಯಲ್ಲಿ ಹಿಡಿಯುವುದೇ ಇಲ್ಲ.

ಸಾಮಾನು ತರುವಾಗ ಹೆಸರಿನ ಗೊಂದಲವಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಎಂದರೆ ತಿಳಿಯದಿದ್ದರೆ ‘ಲಿಂಬೂ ಸತ್ವ’ ಅಥವಾ ‘ನಿಂಬೂ ಫೂಲ್’ ಕೇಳಿ. ಸೋಡಾ ಬೇಕಿರುವುದು ‘ಖಾನೇ ಕಾ ಸೋಡಾ’. ಬಟ್ಟೆಯ ಸೋಡಾ ಬೇರೆಯೇ ವಸ್ತು, ಬೇಕಿಂಗ್ ಪೌಡರಿನಲ್ಲಿ ಹಿಟ್ಟೂ ಹುಳಿಯೂ ಸೇರಿರುತ್ತವೆ, ಎರಡೂ ಆಗದು. ಕಿಲೋ ಲೆಕ್ಕದಲ್ಲಿ ಬೇಕಾದರೆ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳು, ಟ್ಯೂಬು-ವಾಲ್ವಿಗೆ ನಾಗ್‌ದೇವಿ ಸ್ಟ್ರೀಟ್, ಅಕ್ವೇರಿಯಂ ಸಾಮಾನಿಗೆ ಕ್ರಾಫರ್ಡ್ ಮಾರ್ಕೆಟ್. ಮಳೆಗಾಲದಲ್ಲಿ ಸಿಟ್ರಿಕ್ ಆಸಿಡ್ ತೇವ ಹೀರಿ ಕಲ್ಲಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ. ಕಲ್ಲಾದರೂ ಗುಣ ಹೋಗುವುದಿಲ್ಲ, ಕುಟ್ಟಿ ಬಳಸಬಹುದು, ತೂಕ ಮಾತ್ರ ತುಸು ಮೋಸ ಮಾಡುತ್ತದೆ.

ಬಾಟಲಿ ಕೋಲಾ-ಸೋಡಾದ್ದೇ ಆಗಬೇಕು, ಎರಡು ಅಥವಾ ಎರಡೂಕಾಲು ಲೀಟರಿನದು. ತಳದಲ್ಲಿ ಐದು ಉಬ್ಬಿದ ಪಾದಗಳಿರುವುದನ್ನು ನೋಡಿ ಆರಿಸಿ. ಆ ಆಕಾರ ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗಾಜಿನದು ಯಾವ ಕಾರಣಕ್ಕೂ ಬೇಡ, ಒಡೆದರೆ ಚೂರು ಗೋಡೆಗೆ ನಾಟುತ್ತದೆ. ಒಂದೂಕಾಲು ಲೀಟರಿನದರಲ್ಲಿ ನೊರೆಗೆ ಜಾಗ ಸಾಲದೆ ಸೋಡಾ ನೀರು ಟ್ಯೂಬಿಗೆ ನುಗ್ಗುತ್ತದೆ.

ಮುಚ್ಚಳದ ವಿಷಯದಲ್ಲಿ ಕೈಚಳಕ ತೋರಿಸಬೇಡಿ. ಒತ್ತಡ ತೋರಿಸುವ ಗೇಜ್, ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ನೀಡಲ್ ವಾಲ್ವ್, ಸೇಫ್ಟಿ ವಾಲ್ವ್ ಮೂರೂ ಇರುವ ಎರಡು ಮುಚ್ಚಳದ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಅದನ್ನು ಕೊಂಡೇಬಿಡಿ. ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು ಅರಾಲ್ಡೈಟ್ ಹಚ್ಚಿದರೆ ಈಸ್ಟಿನ ಮೆದು ಒತ್ತಡಕ್ಕೆ ಹೇಗೋ ನಡೆಯುತ್ತದೆ. ಮುಚ್ಚಳದ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಗಟ್ಟಿಯಾಗಿ ಹಿಡಿಯದ ಕಾರಣ ಇಲ್ಲಿ ಒಂದಲ್ಲ ಒಂದು ದಿನ ಸೋರುತ್ತದೆ. ಈಸ್ಟ್ ಬಾಟಲಿಗಾದರೂ ಅಂಟಿಗಿಂತ ಒಳ್ಳೆಯ ಉಪಾಯ: ಟ್ಯೂಬಿಗಿಂತ ಚೂರು ಚಿಕ್ಕ ತೂತು ಕೊರೆದು, ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಒಳಗಿನಿಂದ ಇಕ್ಕಳದಲ್ಲಿ ಹಿಡಿದು ಎಳೆಯುವುದು.

ಈ ಎರಡು ಬಾಟಲಿ ತಮ್ಮಷ್ಟಕ್ಕೆ ಹೇಗೆ ನಡೆಯುತ್ತವೆ ಎಂಬುದು ತಿಳಿದರೆ ಅರ್ಧ ತೊಂದರೆ ತಾನೇ ಬಗೆಹರಿಯುತ್ತದೆ. ಆಸಿಡ್ ಬಾಟಲಿಯ ತಳದಿಂದ ಒಂದು ಟ್ಯೂಬ್ ಸೋಡಾ ಬಾಟಲಿಗೆ ಹೋಗುತ್ತದೆ. ಸೋಡಾ ಬಾಟಲಿಯ ಮೇಲ್ಭಾಗದಿಂದ ಇನ್ನೊಂದು ದಾರಿ ಆಸಿಡ್ ಬಾಟಲಿಯ ಮೇಲ್ಭಾಗಕ್ಕೆ ಗ್ಯಾಸ್ ಒಯ್ಯುತ್ತದೆ. ಎರಡರಲ್ಲೂ ಚೆಕ್ ವಾಲ್ವ್: ಆಸಿಡ್ ಆ ಕಡೆಗೆ ಮಾತ್ರ, ಗ್ಯಾಸ್ ಈ ಕಡೆಗೆ ಮಾತ್ರ. ಸೋಡಾ ಬಾಟಲಿಯಲ್ಲಿ ಗ್ಯಾಸ್ ಹುಟ್ಟಿದಾಗ ಆಸಿಡ್ ಬಾಟಲಿಗೂ ಅಷ್ಟೇ ಒತ್ತಡ ತುಂಬುತ್ತದೆ. ಟ್ಯಾಂಕಿಗೆ ಗ್ಯಾಸ್ ಹೋಗುತ್ತಾ ಹೋಗುತ್ತಾ ಸೋಡಾ ಬಾಟಲಿಯ ಒತ್ತಡ ಇಳಿಯುತ್ತದೆ, ಆದರೆ ಆಸಿಡ್ ಬಾಟಲಿಯ ಒತ್ತಡ ಚೆಕ್ ವಾಲ್ವಿನ ಹಿಂದೆ ಸಿಕ್ಕಿಬಿದ್ದಿರುತ್ತದೆ. ಆ ವ್ಯತ್ಯಾಸವೇ ಆಸಿಡ್ಡನ್ನು ಕೆಲವು ತೊಟ್ಟು ಆಚೆಗೆ ತಳ್ಳುತ್ತದೆ. ಮತ್ತೆ ಗ್ಯಾಸ್, ಮತ್ತೆ ಸಮ. ಬೇಡಿಕೆಯಿದ್ದಷ್ಟೇ ಉತ್ಪಾದನೆ. ಈ ಎರಡರಲ್ಲಿ ಯಾವುದೇ ವಾಲ್ವಿಗೆ ಸೋಡಾ ಕಣ ಸಿಕ್ಕಿಕೊಂಡರೂ ಈ ಆಟ ನಿಲ್ಲುತ್ತದೆ. ಗೇಜ್ ನಿಧಾನಕ್ಕೆ ಸೊನ್ನೆಗಿಳಿದು, ಆಸಿಡ್ ಅರ್ಧ ಬಾಟಲಿ ಉಳಿದಿದ್ದರೆ ಮೊದಲು ನೋಡಬೇಕಾದ್ದು ಅಲ್ಲಿ. ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಹಾಯಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ತುಂಬುವ ಕ್ರಮ ಹೀಗೆ. ಆಸಿಡ್ ಬಾಟಲಿಗೆ 200 ಗ್ರಾಂ ಸಿಟ್ರಿಕ್ ಆಸಿಡ್, 600 ಮಿ.ಲೀ. ನೀರು, ಹರಳು ಒಂದೂ ಉಳಿಯದಂತೆ ಕುಲುಕಿ. ಕರಗುವಾಗ ಬಾಟಲಿ ತಣ್ಣಗಾಗುತ್ತದೆ, ಅದು ಸಹಜ. ಸೋಡಾ ಬಾಟಲಿಗೆ 200 ಗ್ರಾಂ ಸೋಡಾ, 200 ಮಿ.ಲೀ. ನೀರು. ಇಷ್ಟು ನೀರಿನಲ್ಲಿ ಅಷ್ಟು ಸೋಡಾ ಕರಗುವುದಿಲ್ಲ, ದೋಸೆ ಹಿಟ್ಟಿನಂತೆ ಕೂರುತ್ತದೆ. ಕೂರಲಿ. ಒಣ ಪುಡಿಯ ಮೇಲೆ ಆಸಿಡ್ ಬಿದ್ದರೆ ಮೇಲೆ ಗಟ್ಟಿ ಪದರ ಕಟ್ಟಿ ಕೆಳಗಿನ ಸೋಡಾ ಹಾಗೇ ಉಳಿಯುತ್ತದೆ, ಆಮೇಲೆ ಒಮ್ಮೆಗೇ ಒಡೆದು ಒತ್ತಡ ಜಿಗಿಯುತ್ತದೆ. ಬಾಟಲಿಯ ಬಾಯಿಯ ಅಂಚಿನಲ್ಲಿ ಪುಡಿ ಇರದಂತೆ ಒರೆಸಿ ಮುಚ್ಚಳ ಬಿಗಿಮಾಡಿ. ಕೈ ಬಿಗಿ ಸಾಕು, ಇಕ್ಕಳ ಹಾಕಿದರೆ ಒಳಗಿನ ರಬ್ಬರ್ ತಿರುಚಿಕೊಂಡು ಸೋರುತ್ತದೆ.

ನೀಡಲ್ ವಾಲ್ವ್ ಮುಚ್ಚಿ. ಆಸಿಡ್ ಬಾಟಲಿಯನ್ನು ಮೆಲ್ಲನೆ ಅದುಮಿ, 20-30 ಮಿ.ಲೀ. ಆಚೆಗೆ ಹೋಗುವಷ್ಟು. ನೊರೆ ಏಳುತ್ತದೆ, ಗೇಜ್ ಏರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಸೋರುತ್ತಿದೆ ಎಂದು ಗಾಬರಿ ಬೇಡ. ಮೊದಲ ಗ್ಯಾಸ್ ಆಸಿಡ್ ಬಾಟಲಿಯ ಖಾಲಿ ಜಾಗ ತುಂಬಲು, ದ್ರಾವಣದಲ್ಲೇ ಕರಗಲು ಖರ್ಚಾಗುತ್ತದೆ. ಕಾಲು ತಾಸು ಬಿಟ್ಟು ಮತ್ತೊಮ್ಮೆ ಅದುಮಿ. ಗೇಜ್ 1ರಿಂದ 1.5 ಕೆಜಿ (ಚದರ ಸೆಂ.ಮೀ.ಗೆ) ನಡುವೆ ನಿಂತರೆ ಸಾಕು. ಸೋಡಾ ಬಾಟಲಿ ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ ನಿಜ, ಆದರೆ ಆ ಉಳಿಕೆ ನಿಮ್ಮ ಸುರಕ್ಷತೆಗೆ ಇರುವುದು, ಬಳಸಿಕೊಳ್ಳಲು ಅಲ್ಲ. ಸೋಪಿನ ನೀರನ್ನು ಪ್ರತಿ ಜೋಡಣೆಗೂ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವ್ ಮುಚ್ಚಿಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಮುಳ್ಳು ಹೆಚ್ಚೂ ಕಡಿಮೆ ಅಲ್ಲೇ ಇದ್ದರೆ ಜೋಡಣೆ ಸರಿ.

ಎರಡೂ ಬಾಟಲಿಯನ್ನು ಒಂದು ಬಕೆಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಸೋಡಾ ಬಾಟಲಿ ಉರುಳಿದರೆ ಉಪ್ಪು ದ್ರಾವಣ ನೇರ ಟ್ಯಾಂಕಿಗೆ ಹೋಗುತ್ತದೆ. ಬಿಸಿಲು ಬೀಳುವ ಬಾಲ್ಕನಿ ಬೇಡ, ಮಕ್ಕಳ ಕೈಗೆ ಸಿಗುವ ಜಾಗವೂ ಬೇಡ. ಮುಳ್ಳು ಕೆಂಪಿಗೆ ಹೋದರೆ ಮುಚ್ಚಳಕ್ಕೆ ಕೈ ಹಾಕಬಾರದು, ನೀಡಲ್ ವಾಲ್ವ್ ಪೂರ್ತಿ ತೆರೆದು ಗ್ಯಾಸ್ ಬಿಡಬೇಕು. ತೆರೆಯುವ ಮುನ್ನ ಡಿಫ್ಯೂಸರಿನ ಟ್ಯೂಬ್ ಕಳಚಿಕೊಳ್ಳಿ, ಇಲ್ಲವಾದರೆ ಅಷ್ಟೂ ಗ್ಯಾಸ್ ಮೀನಿನ ಪಾಲಿಗೆ. ಮರುತುಂಬುವಾಗಲೂ ಮೊದಲು ಒತ್ತಡ ಸೊನ್ನೆ, ಆಮೇಲೆ ಮುಚ್ಚಳ. ಉಳಿದದ್ದು ಸೋಡಿಯಂ ಸಿಟ್ರೇಟ್ ನೀರು, ಸಿಂಕಿಗೆ ಚೆಲ್ಲಬಹುದು. ಬಾಟಲಿಗಳನ್ನು ಆರು ತಿಂಗಳಿಗೊಮ್ಮೆ ಬದಲಿಸಿ, ಬೆಳ್ಳಗೆ ಗೆರೆ ಮೂಡಿದ್ದರೆ ಅದಕ್ಕೂ ಮೊದಲೇ.

ಬಾಟಲಿಯಿಂದ ಎಲೆಯವರೆಗೆ

ಟ್ಯೂಬ್ ಪಿಯು (ಪಾಲಿಯುರೆಥೇನ್) ಆಗಿರಲಿ. ಏರ್ ಪಂಪಿನ ಸಿಲಿಕಾನ್ ಟ್ಯೂಬಿನ ಗೋಡೆಯಿಂದಲೇ ಕಾರ್ಬನ್ ಡೈಆಕ್ಸೈಡ್ ನುಸುಳಿ ಹೋಗುತ್ತದೆ. ನೀಡಲ್ ವಾಲ್ವ್ ಆದ ಮೇಲೆ ಗುಳ್ಳೆ ಎಣಿಸಲು ಬಬಲ್ ಕೌಂಟರ್, ಟ್ಯಾಂಕಿನ ಹತ್ತಿರ ಚೆಕ್ ವಾಲ್ವ್, ಕೊನೆಗೆ ಡಿಫ್ಯೂಸರ್. ಈ ಚೆಕ್ ವಾಲ್ವ್ ಇಲ್ಲದಿದ್ದರೆ ಗ್ಯಾಸ್ ಮುಗಿದ ರಾತ್ರಿ ಟ್ಯಾಂಕಿನ ನೀರು ಹಿಂದಕ್ಕೆ ಹರಿದು ಸೈಫನ್ ಆಗಿ ನೆಲಕ್ಕೆ ಬರುತ್ತದೆ. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದಾಗಲೇ ಗೊತ್ತಾಗುವುದು. ಪ್ಲಾಸ್ಟಿಕ್ಕಿನ ಅಗ್ಗದ ಚೆಕ್ ವಾಲ್ವ್ ವರ್ಷದೊಳಗೆ ಸೋಲುತ್ತದೆ. ಕೊಂಡ ದಿನವೇ ಬಾಯಿಂದ ಊದಿ ಎರಡೂ ದಿಕ್ಕು ಪರೀಕ್ಷಿಸಿ.

ಡಿಫ್ಯೂಸರನ್ನು ನೆಲದ ಹತ್ತಿರ, ಫಿಲ್ಟರಿನ ಧಾರೆ ಗುಳ್ಳೆಗಳನ್ನು ಕೆಳಕ್ಕೆ ಒತ್ತಿ ಅಡ್ಡಡ್ಡ ಒಯ್ಯುವಲ್ಲಿ ಇಡಿ. ಗುಳ್ಳೆ ನೆಟ್ಟಗೆ ಮೇಲಕ್ಕೇರಿ ಒಡೆದರೆ ಮಾಂಟೆ ಕಾರ್ಲೊಗೆ ಏನೂ ಸಿಗಲಿಲ್ಲ. ಪವರ್ ಫಿಲ್ಟರಿನ ಗಾಳಿ ಎಳೆಯುವ ಸಣ್ಣ ಪೈಪನ್ನು ಹಗಲು ಮುಚ್ಚಿ, ಅದು ಗಾಳಿ ಬೆರೆಸಿ ನೀವು ಕೊಟ್ಟದ್ದನ್ನು ಹೊರಗೆ ಓಡಿಸುತ್ತದೆ. ಹಾಗೆಂದು ಮೇಲಿನ ನೀರು ಕನ್ನಡಿಯಂತೆ ನಿಲ್ಲಬಾರದು, ಸಣ್ಣ ಅಲೆ ಇರಬೇಕು. ಸೆರಾಮಿಕ್ ತಟ್ಟೆ ಕೆಲವು ವಾರದಲ್ಲಿ ಹಸಿರುಗಟ್ಟಿ ಗುಳ್ಳೆ ಒಂದೇ ಮೂಲೆಯಿಂದ ದಪ್ಪದಪ್ಪಗೆ ಬರತೊಡಗುತ್ತದೆ. ಆಗ ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿ ಅರ್ಧ ತಾಸು ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲಿ ಮತ್ತೆ ಅರ್ಧ ತಾಸು ಇಡಿ. ತಟ್ಟೆಯನ್ನು ಉಗುರಿನಿಂದ ಕೆರೆಯಬೇಡಿ. ಈಸ್ಟಿನವರಿಗೆ ಸೆರಾಮಿಕ್ ಬೇಡ, ಒತ್ತಡ ಸಾಲದೆ ಗ್ಯಾಸ್ ಮುಚ್ಚಳದಿಂದ ದಾರಿ ಹುಡುಕುತ್ತದೆ. ಅವರು ಟ್ಯೂಬನ್ನು ಫಿಲ್ಟರ್ ನೀರೆಳೆಯುವ ಬಾಯಿಗೆ ಕೊಡಲಿ. ನಡುವೆ ಸ್ವಲ್ಪ ನೀರಿರುವ ಸಣ್ಣ ಬಾಟಲಿಯಿದ್ದರೆ ಈಸ್ಟಿನ ನೊರೆ ಅಲ್ಲೇ ತಂಗುತ್ತದೆ.

ಎಷ್ಟು ಕೊಡಬೇಕು

ಕಲ್ಲು-ಮಣ್ಣು ಕಳೆದು ನಿಮ್ಮ ಟ್ಯಾಂಕಿನಲ್ಲಿ 55 ಲೀಟರ್ ನೀರು ಇರಬಹುದು. ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರುಮಾಡಿ, ನಾಲ್ಕೈದು ದಿನ ಬಿಟ್ಟು ಸೆಕೆಂಡಿಗೊಂದಕ್ಕೆ ತನ್ನಿ. ಗುಳ್ಳೆಯ ಗಾತ್ರ ಕೌಂಟರಿನಿಂದ ಕೌಂಟರಿಗೆ ಬೇರೆ, ಆದ್ದರಿಂದ ಇದು ಆರಂಭದ ಅಂದಾಜು ಅಷ್ಟೇ. ಒಂದು ಗುಳ್ಳೆ 0.04 ಮಿ.ಲೀ. ಎಂದು ಹಿಡಿದರೆ ಸೆಕೆಂಡಿಗೊಂದರಂತೆ ಎಂಟು ತಾಸಿಗೆ 1.15 ಲೀಟರ್ ಗ್ಯಾಸ್. ಮೇಲಿನ 58 ಲೀಟರ್ ಕಾಗದದ ಮೇಲೆ 50 ದಿನ ಬರಬೇಕು. ಸೋರಿಕೆ, ದ್ರಾವಣದಲ್ಲಿ ಉಳಿಯುವುದು ಎಲ್ಲ ಕಳೆದು ನಾಲ್ಕೈದು ವಾರ ಬಂದರೆ ಸಂತೋಷಪಡಿ. ಎರಡೇ ವಾರಕ್ಕೆ ಮುಗಿದರೆ ಎಲ್ಲೋ ಸೋರುತ್ತಿದೆ.

ನಿಜವಾದ ಅಳತೆ ಡ್ರಾಪ್ ಚೆಕರಿನದು, ಅಂದರೆ ಟ್ಯಾಂಕಿನೊಳಗೆ ಅಂಟಿಸಿ ಬಣ್ಣದಿಂದ ಗ್ಯಾಸಿನ ಪ್ರಮಾಣ ತಿಳಿಯುವ ಪುಟ್ಟ ಬುರುಡೆಯದು. ಅದರೊಳಗೆ ಟ್ಯಾಂಕಿನ ನೀರು ಹಾಕುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಬಣ್ಣಕ್ಕೆ ಅರ್ಥವೇ ಇಲ್ಲ. 4 ಡಿಗ್ರಿ ಕೆಎಚ್ (ಕಾರ್ಬೊನೇಟ್ ಗಡಸುತನ) ಇರುವ ದ್ರಾವಣ ಬೇಕು, ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ 1.2 ಗ್ರಾಂ ಅಡುಗೆ ಸೋಡಾ ಕರಗಿಸಿದರೆ 40 ಡಿಗ್ರಿ. ಅದರಿಂದ 10 ಮಿ.ಲೀ. ತೆಗೆದು 90 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಸೇರಿಸಿದರೆ 4 ಡಿಗ್ರಿ. 1.2 ಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಸಾಲದು, ಬಂಗಾರ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಇದಕ್ಕೆ ಕೆಲವು ಹನಿ ಬ್ರೊಮೊಥೈಮಾಲ್ ಬ್ಲೂ, ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ದ್ರವ. ನೀಲಿ ಎಂದರೆ ಕಡಿಮೆ, ಹಸಿರು ಎಂದರೆ 30 ಪಿಪಿಎಂ ಆಸುಪಾಸು, ಹಳದಿ ಎಂದರೆ ಅಪಾಯ. ಬಣ್ಣ ಬದಲಾಗಲು ಒಂದೆರಡು ತಾಸು ಹಿಡಿಯುತ್ತದೆ, ಹಾಗಾಗಿ ಅದು ತೋರಿಸುವುದು ಈಗಿನದಲ್ಲ, ಆಗಿನದು. ವಾಲ್ವ್ ತಿರುಗಿಸಿ ಹತ್ತೇ ನಿಮಿಷಕ್ಕೆ ಬಣ್ಣ ನೋಡಿ ಮತ್ತೆ ತಿರುಗಿಸುವವರು ಮೀನು ಕಳೆದುಕೊಳ್ಳುತ್ತಾರೆ. ನಿಮ್ಮ ಬೆಚ್ಚಗಿನ ನೀರಿಗೆ ನೀಲಿ ಛಾಯೆಯ ಹಸಿರು ಸಾಕು, 20-25 ಪಿಪಿಎಂ.

ಪಿಎಚ್ ಕಿಟ್ ಇದ್ದರೆ ಇನ್ನೊಂದು ದಾರಿ. ಟ್ಯಾಂಕಿನ ಒಂದು ಲೋಟ ನೀರನ್ನು ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟು ಪಿಎಚ್ ನೋಡಿ. ಗ್ಯಾಸ್ ನಡೆಯುತ್ತಿರುವ ಟ್ಯಾಂಕಿನ ಪಿಎಚ್ ಅದಕ್ಕಿಂತ 0.8ರಿಂದ 1ರಷ್ಟು ಕಡಿಮೆಯಿದ್ದರೆ ಸರಿ. ಲೋಟದಲ್ಲಿ 7.4 ಇದ್ದರೆ ಟ್ಯಾಂಕಿನಲ್ಲಿ 6.5. ಕೆಎಚ್-ಪಿಎಚ್ ಪಟ್ಟಿ ನೋಡಿ ಲೆಕ್ಕ ಹಾಕುವ ಪದ್ಧತಿಗಿಂತ ಇದು ನಂಬಿಕಸ್ತ, ಮರದ ತುಂಡು ಬಿಡುವ ಹುಳಿ ಆ ಪಟ್ಟಿಯನ್ನು ಕೆಡಿಸುತ್ತದೆ. ಮುಂಬೈಯ ಕೆರೆ-ಅಣೆಕಟ್ಟಿನ ನೀರು ಮೆದು. ಸೊಸೈಟಿಯವರು ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬೆರೆಸುವ ತಿಂಗಳಲ್ಲಿ ಗಡಸಾಗಿ ಲೋಟದ ಅಂಕಿಯೇ ಬದಲಾಗುತ್ತದೆ, ಆಗ ಹೊಸದಾಗಿ ಅಳೆಯಿರಿ.

ದೀಪವನ್ನು ಹತ್ತು ತಾಸಿನಿಂದ ಏಳಕ್ಕೆ ಇಳಿಸಿ. ಇದೊಂದೇ ಬದಲಾವಣೆ ಪಾಚಿಯ ಅರ್ಧ ಬಲ ಮುರಿಯುತ್ತದೆ. ಗ್ಯಾಸ್ ದೀಪಕ್ಕಿಂತ ಒಂದೂವರೆ ತಾಸು ಮೊದಲು ತೆರೆಯಲಿ, ದೀಪ ಆರುವ ಒಂದು ತಾಸು ಮೊದಲು ನಿಲ್ಲಲಿ. ನೀಡಲ್ ವಾಲ್ವನ್ನೇ ದಿನವೂ ತೆರೆದು ಮುಚ್ಚಿದರೆ ಒಂದು ದಿನದ ಲೆಕ್ಕ ಇನ್ನೊಂದು ದಿನ ಇರುವುದಿಲ್ಲ. ಅದನ್ನು ಮುಟ್ಟದೆ, ಸಾಲಿನಲ್ಲಿ ಬೇರೊಂದು ಆನ್-ಆಫ್ ವಾಲ್ವ್ ಹಾಕಿಕೊಳ್ಳಿ. ಬೆಳಿಗ್ಗೆ ಎಂಟರ ಲೋಕಲ್ ಹಿಡಿಯುವವರಿಗೆ ಕೈಯಿಂದ ತೆರೆಯುವುದು ನಡೆಯದ ಮಾತು. 12 ವೋಲ್ಟಿನ, ಕರೆಂಟ್ ಇಲ್ಲದಾಗ ಮುಚ್ಚಿಕೊಳ್ಳುವ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಮತ್ತು ಒಂದು ಟೈಮರ್ ಸೇರಿಸಿ. ಇನ್ನೊಂದು ಟೈಮರಿನಲ್ಲಿ ರಾತ್ರಿ ಏರ್ ಪಂಪ್ ಓಡಿದರೆ ಬೆಳಗಿನ ಬಾಯಿ ಬಡಿತ ಮತ್ತೆ ಕಾಣುವುದಿಲ್ಲ. ಹಾಗೂ ಎಂದಾದರೂ ಮೀನು ಮೇಲೆ ಬಂದರೆ ಗ್ಯಾಸ್ ಮುಚ್ಚಿ, ಏರ್ ಪಂಪ್ ಹಾಕಿ, ಮೂರನೇ ಒಂದು ಪಾಲು ನೀರು ಬದಲಿಸಿ. ಕಾರಣ ಹುಡುಕುವುದು ಆಮೇಲೆ.

ಗ್ಯಾಸ್ ಸರಿಯಾದೊಡನೆ ಗಿಡದ ಹಸಿವು ಹೆಚ್ಚುತ್ತದೆ. ಹಳೇ ಎಲೆ ಹಳದಿಯಾದರೆ, ತೂತು ಬಿದ್ದರೆ ಗೊಬ್ಬರ ಸಾಲುತ್ತಿಲ್ಲ. ಪೊಟ್ಯಾಷ್, ನೈಟ್ರೇಟ್, ಕಬ್ಬಿಣ ಎಲ್ಲ ಇರುವ ದ್ರವ ಗೊಬ್ಬರ ವಾರಕ್ಕೊಮ್ಮೆ, ಲೇಬಲ್ಲಿನಷ್ಟೇ.

ಈಗ ಹತ್ತಿರುವ ಕಪ್ಪು ಪಾಚಿ ತಾನಾಗಿ ಹೋಗದು. ತೀರಾ ಹತ್ತಿದ ಎಲೆ ಕತ್ತರಿಸಿ ಎಸೆಯಿರಿ. ಉಳಿದದ್ದಕ್ಕೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ಶೇಕಡಾ 3ರ ಬಲದ್ದು. ನಮ್ಮಲ್ಲಿ ಶೇಕಡಾ 6ರದೂ ಸಿಗುತ್ತದೆ, ಅದಾದರೆ ಸಮ ನೀರು ಬೆರೆಸಿ. ಫಿಲ್ಟರ್ ಆರಿಸಿ, ಸಿರಿಂಜಿನಿಂದ ಪಾಚಿಯ ಮೇಲೆಯೇ ನಿಧಾನಕ್ಕೆ ಬಿಡಿ, ಒಟ್ಟು 20 ಮಿ.ಲೀ. ಮೀರಬಾರದು. ಐದು ನಿಮಿಷಕ್ಕೆ ಫಿಲ್ಟರ್ ಮತ್ತೆ ಹಾಕಿ. ಎರಡು-ಮೂರು ದಿನದಲ್ಲಿ ಪಾಚಿ ಕೆಂಪು-ಗುಲಾಬಿಗೆ ತಿರುಗಿದರೆ ಸತ್ತಿತೆಂದು ಅರ್ಥ. ಸಿಗಡಿ ಸಾಕಿದ್ದರೆ ಈ ಪ್ರಮಾಣದಲ್ಲಿ ಅರ್ಧ ಮಾತ್ರ, ಅದೂ ಎಚ್ಚರದಿಂದ.

ಕೊನೆಯದಾಗಿ, ಮೇ ರಜೆಯಲ್ಲೋ ಚೌತಿಗೋ ಹತ್ತು-ಹದಿನೈದು ದಿನ ಊರಿಗೆ ಹೋಗುವಾಗ ಗ್ಯಾಸನ್ನು ಟೈಮರಿನ ಭರವಸೆಯಲ್ಲಿ ಬಿಟ್ಟು ಹೋಗಬೇಡಿ. ಹೊರಡುವ ನಾಲ್ಕು ದಿನ ಮೊದಲು ಗುಳ್ಳೆಯನ್ನು ಅರ್ಧಕ್ಕೆ ಇಳಿಸಿ, ದೀಪವನ್ನು ಐದು ತಾಸಿಗೆ ತನ್ನಿ. ಹೊರಡುವ ದಿನ ಮೊದಲು ಡಿಫ್ಯೂಸರಿನ ಟ್ಯೂಬ್ ಕಳಚಿ ಅದರ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟಿ, ಆಮೇಲೆ ನೀಡಲ್ ವಾಲ್ವ್ ತೆರೆದು ಬಾಟಲಿಗಳ ಒತ್ತಡ ಪೂರ್ತಿ ಹೊರಗೆ ಬಿಡಿ. ಏರ್ ಪಂಪ್ ರಾತ್ರಿ ಓಡುತ್ತಿರಲಿ. ಬಂದ ಮೇಲೆ ಮೊದಲು ಅರ್ಧ ನೀರು ಬದಲಿಸಿ, ಮತ್ತೆ ಎರಡು ಸೆಕೆಂಡಿಗೊಂದು ಗುಳ್ಳೆಯಿಂದಲೇ ಶುರು.